ಮೂರು ಸಿಲಿಂಡರಿನ ಸಂಸಾರ

ಗುಮಾಸ್ತನಾದವನು ಮೋಟಾರಿನ ವಿಷಯ ಬರೆಯಹೊರಟರೆ ಓದುಗರು ಹುಬ್ಬೇರಿಸುವುದು ಸಹಜವೇ. ಆದ್ದರಿಂದ ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ನಾನು ಹೇಳಹೊರಟಿರುವುದು ಯಾವ ಭಾರಿ ವಾಹನದ ಕಥೆಯೂ ಅಲ್ಲ. ಪುಣೆಯ ನಮ್ಮ ಮನೆಯ ಮುಂದೆ, ಪಾರಿಜಾತದ ಗಿಡದ ಕೆಳಗೆ, 1997ರಿಂದ ನಿಂತಿರುವ ಒಂದು ಬಿಳಿಯ ಮಾರುತಿ 800ರ ಕಥೆ. ಅದನ್ನು ಕೊಂಡವನೂ ನಾನಲ್ಲ, ನಮ್ಮ ತಂದೆಯವರು. ಅವರೂ ಗುಮಾಸ್ತರೇ. ಧಾರವಾಡದಿಂದ ಬಂದು ಮೂವತ್ತು ವರುಷ ಇಲ್ಲಿ ಲೆಕ್ಕಪತ್ರ ಬರೆದವರು. ಅಪ್ಪನ ಉದ್ಯೋಗವೂ ಅಪ್ಪನ ಕಾರೂ ನನಗೆ ಬಂದವು. ಅಪ್ಪನ ಶಿಸ್ತು ಮಾತ್ರ ಬರಲಿಲ್ಲ. ಈ ಬರಹದ ಸಾರಾಂಶ ಅಷ್ಟೇ. ಬಿಡುವಿದ್ದವರು ಮುಂದೆ ಓದಬಹುದು.

ಕಾರು ಬಂದಾಗ ನಾನು ಎಂಟು ವರುಷದ ಹುಡುಗ. ಕಚೇರಿಯ ಸಾಲ, ಭವಿಷ್ಯನಿಧಿಯಿಂದ ತೆಗೆದದ್ದು ಒಂದಿಷ್ಟು, ತಾಯಿಯವರ ಎರಡು ಬಳೆ, ಇವೆಲ್ಲ ಸೇರಿ ಆ ಕಾರಾಗಿತ್ತು. ತಾಯಿಯವರು ಆರತಿ ಎತ್ತಿ, ನಾಲ್ಕು ಗಾಲಿಗಳ ಕೆಳಗೂ ಒಂದೊಂದು ನಿಂಬೆಹಣ್ಣು ಇಟ್ಟರು. ನೋಡಲು ಬಂದ ನಮ್ಮ ಸಂಘದ ಹಿರಿಯರೊಬ್ಬರು ಬಾನೆಟ್ಟಿನೊಳಗೆ ಇಣುಕಿ, "ಉಳಿದ ಎಂಜಿನ್ನು ಎಲ್ಲೈತಿ?" ಎಂದು ಕೇಳಿದ್ದು ನಮ್ಮ ಮನೆಯಲ್ಲಿ ಇಂದಿಗೂ ಗಾದೆಯಾಗಿ ಉಳಿದಿದೆ.

ಅವರ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಅವರ ಕಣ್ಣಿಗೆ ಅಭ್ಯಾಸವಾಗಿದ್ದುದು 1489 ಘನ ಸೆಂಟಿಮೀಟರಿನ ಹಳೆಯ ಅಂಬಾಸಡರ್ ಎಂಜಿನ್ನು. ಜನರು ಫಿಯೆಟ್ಟೆಂದೇ ಕರೆಯುತ್ತಿದ್ದ ಪ್ರೀಮಿಯರ್ ಪದ್ಮಿನಿಯದೂ 1089 ಇತ್ತು. ಎರಡಕ್ಕೂ ನಾಲ್ಕು ನಾಲ್ಕು ಸಿಲಿಂಡರು. ನಮ್ಮದು ಬರೀ 796, ಸಿಲಿಂಡರು ಮೂರೇ ಮೂರು. ಅದೂ ಉದ್ದಕ್ಕೆ ಕೂಡದೆ, ಬಸ್ಸಿನಲ್ಲಿ ಜಾಗ ಸಿಗದ ಪ್ರಯಾಣಿಕನ ಹಾಗೆ ಅಡ್ಡಲಾಗಿ ಕೂತಿತ್ತು. 1983ರ ಡಿಸೆಂಬರ್ 14ರಂದು ಗುರಗಾಂವಿನ ಕಾರಖಾನೆಯ ಮೊದಲ ಕಾರಿನ ಬೀಗದಕೈಯನ್ನು ಪ್ರಧಾನಿ ಇಂದಿರಾ ಗಾಂಧಿಯವರು ಗಿರಾಕಿಯ ಕೈಗಿತ್ತಾಗ, ಈ ಆಟಿಕೆ ಎಷ್ಟು ದಿನ ಬಾಳೀತು ಎಂದವರು ಬಹಳ ಮಂದಿಯಂತೆ. ಅದು 2014ರ ಜನವರಿಯವರೆಗೆ ತಯಾರಾಯಿತು. ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ಮನೆಗಳ ಮುಂದೆ ನಿಂತಿತು.

ಈ ಪುಟ್ಟ ಎಂಜಿನ್ನಿನ ಒಳಗೆ ಏನು ನಡೆಯುತ್ತದೆಂಬುದನ್ನು ತಂದೆಯವರು ನನಗೆ ಕಚೇರಿಯ ಭಾಷೆಯಲ್ಲಿಯೇ ತಿಳಿಸಿದ್ದರು. ಅದನ್ನೇ ಇಲ್ಲಿ ಒಪ್ಪಿಸುತ್ತೇನೆ. ಒಂದೊಂದು ಸಿಲಿಂಡರು 68.5 ಮಿಲಿಮೀಟರು ಅಗಲದ ಒಂದು ಕೊಳವೆ. ಅದರಲ್ಲಿ ಪಿಸ್ಟನ್ನು 72 ಮಿಲಿಮೀಟರು ಮೇಲೆ ಕೆಳಗೆ ಆಡುತ್ತದೆ. ಲೆಕ್ಕ ಹಾಕಿದರೆ ಒಂದರಲ್ಲಿ ಹಿಡಿಯುವುದು 265 ಮಿಲಿಲೀಟರು, ಎಂದರೆ ಒಂದು ದೊಡ್ಡ ಲೋಟ ಮಜ್ಜಿಗೆ. ಇಂಥ ಮೂರು ಲೋಟಗಳೇ ನಮ್ಮ ಎಂಜಿನ್ನು. ಪ್ರತಿಯೊಂದರಲ್ಲಿಯೂ ನಾಲ್ಕು ಹಂತದ ವ್ಯವಹಾರ. ಗಾಳಿಯೂ ಪೆಟ್ರೋಲೂ ಕೂಡಿ ಒಳಗೆ ಬರುವುದು ಆವಕ. ಪಿಸ್ಟನ್ನು ಮೇಲೇರಿ ಅದನ್ನು ಅದುಮುವುದು ಮೇಲಧಿಕಾರಿಗಳ ಒತ್ತಡ. ಕಿಡಿ ತಾಗಿ ಉರಿದು ಪಿಸ್ಟನ್ನನ್ನು ಕೆಳಗೆ ನೂಕುವುದು ನಿಜವಾದ ಕೆಲಸ. ಹೊಗೆ ಹೊರಗೆ ಹೋಗುವುದು ಜಾವಕ. "ನಾಲ್ಕರೊಳಗ ಒಂದ ಹಂತದಾಗ ಕೆಲಸ, ನಮ್ಮ ಕಚೇರಿ ಹಂಗ" ಎಂದು ತಂದೆಯವರು ನಗುತ್ತಿದ್ದರು.

ಈ ನಾಲ್ಕು ಹಂತ ಮುಗಿಯುವುದಕ್ಕೆ ಎಂಜಿನ್ನಿನ ದಂಡ ಎರಡು ಸುತ್ತು ತಿರುಗಬೇಕು. ಸಿಲಿಂಡರು ನಾಲ್ಕಿದ್ದರೆ ಅರ್ಧ ಸುತ್ತಿಗೊಬ್ಬರಂತೆ ಸರತಿ ತಪ್ಪದೆ ನೂಕುತ್ತಾರೆ. ಮೂರೇ ಇದ್ದರೆ ಒಬ್ಬನ ನೂಕು ಮುಗಿದು ಇನ್ನೊಬ್ಬನದು ಮೊದಲಾಗುವ ಮುಂಚೆ ಸ್ವಲ್ಪ ಹೊತ್ತು ಯಾರೂ ನೂಕುವವರಿರುವುದಿಲ್ಲ. ಆ ಸಂದಿಯನ್ನು ಭಾರವಾದ ಫ್ಲೈವೀಲು ತನ್ನ ಓಟದ ಬಲದಿಂದ ದಾಟಿಸುತ್ತದೆ. ನಿಂತಲ್ಲಿ ನಮ್ಮ ಕಾರು ಸಣ್ಣಗೆ ನಡುಗುವುದು ಇದರಿಂದಲೇ ಹೊರತು ರೋಗದಿಂದಲ್ಲ. ಇದಕ್ಕೆ ಬದಲಾಗಿ ದೊರೆಯುವ ಲಾಭ ದೊಡ್ಡದು. ಪಿಸ್ಟನ್ನು ಒಂದು ಕಡಿಮೆ, ಕವಾಟಗಳು ಎರಡು ಕಡಿಮೆ, ತಿಕ್ಕಾಟ ಅಷ್ಟು ಕಡಿಮೆ. ಕಾರಿನ ತೂಕವೂ ಸುಮಾರು 650 ಕಿಲೋ ಮಾತ್ರ. ನಲವತ್ತು ಅಶ್ವಶಕ್ತಿಗೂ ಒಳಗಿನ ಎಂಜಿನ್ನು ನಾಲ್ಕು ಜನರನ್ನೂ ಒಂದು ಚೀಲ ಜೋಳವನ್ನೂ ಹೊತ್ತು ಲೀಟರಿಗೆ ಹದಿನೇಳು ಹದಿನೆಂಟು ಕಿಲೋಮೀಟರು ಹೋಗುತ್ತಿದ್ದುದರ ಗುಟ್ಟು ಇದು. ಸಣ್ಣ ಸಂಬಳದ ಸಂಸಾರದಂತೆ, ಹೊರೆ ಕಡಿಮೆ ಇಟ್ಟುಕೊಂಡು ದೂರ ಸಾಗುವ ಜಾಣ್ಮೆ.

ಆದರೆ ಸಣ್ಣ ಸಂಸಾರಕ್ಕೆ ಲೆಕ್ಕ ಬೇಕು. ತಂದೆಯವರು ಕಾರಿಗಾಗಿ ಒಂದು ವಹಿ ಇಟ್ಟಿದ್ದರು. ಉದ್ದನೆಯ, ಕೆಂಪು ಬಟ್ಟೆಯ ರಟ್ಟಿನ ವಹಿ, ಅಂಕಿಗಳೆಲ್ಲ ಕನ್ನಡದವು. ಟ್ಯಾಂಕು ತುಂಬಿಸಿದಾಗಲೆಲ್ಲ ಲೀಟರೆಷ್ಟು, ಹಿಂದಿನ ಸಲದಿಂದ ಕಿಲೋಮೀಟರೆಷ್ಟು, ಭಾಗಿಸಿದರೆ ಎಷ್ಟು ಎಂದು ಬರೆಯುವರು. "22 ಲೀಟರು, 387 ಕಿಲೋಮೀಟರು, 17.6" ಎಂಬಂಥ ಸಾಲುಗಳು ಪುಟಗಟ್ಟಲೆ ಇವೆ. 5,000 ಕಿಲೋಮೀಟರಿಗೊಮ್ಮೆ ಎಂಜಿನ್ ಎಣ್ಣೆ, 10,000ಕ್ಕೊಮ್ಮೆ ಸ್ಪಾರ್ಕ್ ಪ್ಲಗ್ಗುಗಳ ತಪಾಸಣೆ, 98,000ದ ಎದುರಿಗೆ ಟೈಮಿಂಗ್ ಬೆಲ್ಟು ಬದಲಾಯಿಸಿದ ದಾಖಲೆ. ಆ ಬೆಲ್ಟು ಹಲ್ಲಿರುವ ರಬ್ಬರಿನ ಪಟ್ಟಿ. ಕವಾಟಗಳು ತಕ್ಕ ಹೊತ್ತಿಗೆ ತೆರೆದು ಮುಚ್ಚುವಂತೆ ಮಾಡುವುದು ಅದೇ. ಹರಿಯುವ ಮುಂಚೆ ಅದು ಯಾವ ಸೂಚನೆಯನ್ನೂ ಕೊಡುವುದಿಲ್ಲ, ಹರಿದ ಮೇಲೆ ಕಾರು ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಆದ್ದರಿಂದ ಅದನ್ನು ಕಣ್ಣಿನಿಂದ ನೋಡಿ ಬದಲಿಸುವುದಲ್ಲ, ವಹಿಯಿಂದ ನೋಡಿ ಬದಲಿಸಬೇಕೆಂಬುದು ತಂದೆಯವರ ಮಾತು.

2004ರಲ್ಲಿ ಒಮ್ಮೆ ಭಾಗಲಬ್ಧ 17ರಿಂದ 14ಕ್ಕೆ ಇಳಿಯಿತು. ಬೇರೆಯವರಾಗಿದ್ದರೆ ಗ್ಯಾರೇಜಿಗೆ ಓಡಿ ಕಾರ್ಬ್ಯುರೇಟರು ಬಿಚ್ಚಿಸುತ್ತಿದ್ದರು. ತಂದೆಯವರು ಸಮತಟ್ಟಾದ ನೆಲದ ಮೇಲೆ ಗೇರು ತಪ್ಪಿಸಿ, ಕಾರನ್ನು ಎರಡೂ ಕೈಯಿಂದ ನೂಕಿ ನೋಡಿದರು. ಹಗುರಾಗಿ ಉರುಳಬೇಕಾದದ್ದು ಹಟ ಹಿಡಿದಿತ್ತು. ಹಿಂದಿನ ಒಂದು ಗಾಲಿಗೆ ಕೈಬ್ರೇಕು ಪೂರಾ ಬಿಡುತ್ತಿರಲಿಲ್ಲ. ಅದನ್ನು ಸರಿಪಡಿಸಿದ ಮೇಲೆ ಮತ್ತೆ 17. "ಅದಕ್ಕ ಮಾತು ಬರೂದಿಲ್ಲಪಾ, ಅದರ ಪರವಾಗಿ ಈ ವಹಿ ಮಾತಾಡತದ" ಎಂದರು. ನಾನು ಆಗ ಹದಿನೈದರ ಹುಡುಗ. ಈ ಮಾತಿನ ಬೆಲೆ ತಿಳಿಯಲು ಇನ್ನೂ ಹದಿನೈದು ವರುಷ ಬೇಕಾಯಿತು.

2017ರಲ್ಲಿ ಕಣ್ಣಿನ ಪೊರೆಯ ದೆಸೆಯಿಂದ ತಂದೆಯವರು ಓಡಿಸುವುದನ್ನು ನಿಲ್ಲಿಸಿ, ಬೀಗದಕೈಯನ್ನೂ ವಹಿಯನ್ನೂ ನನ್ನ ಕೈಗೆ ಕೊಟ್ಟರು. ಬೀಗದಕೈಯನ್ನು ಜೇಬಿಗೆ ಹಾಕಿಕೊಂಡೆ. ವಹಿಯನ್ನು ಕಪಾಟಿನಲ್ಲಿಟ್ಟೆ. ದಿನವಿಡೀ ಕಚೇರಿಯಲ್ಲಿ ವಹಿ ಬರೆಯುವವನು ಮನೆಯಲ್ಲಿಯೂ ಬರೆಯಬೇಕೆ ಎಂಬುದು ನನ್ನ ವಾದ. ಕಾರು ಒಂದೂ ದೂರು ಹೇಳದೆ ಓಡುತ್ತಿತ್ತು. ದೂರು ಹೇಳದವರ ವಿಷಯದಲ್ಲಿ ನಾವು ಎಷ್ಟು ನಿಶ್ಚಿಂತರಾಗಿರುತ್ತೇವೆಂಬುದನ್ನು ನಮ್ಮ ನಮ್ಮ ಮನೆಗಳಲ್ಲಿಯೇ ನೋಡಬಹುದು.

2019ರ ಮೇ ತಿಂಗಳಲ್ಲಿ ಧಾರವಾಡದಿಂದ ಫೋನು ಬಂತು. ತಂದೆಯವರ ಅಕ್ಕ, ತಾಯಿ ತೀರಿದ ಮೇಲೆ ಅವರನ್ನು ಸಾಕಿದವರು, ಹಾಸಿಗೆ ಹಿಡಿದು ತಮ್ಮನನ್ನು ಕೇಳುತ್ತಿದ್ದರು. 17ನೆಯ ತಾರೀಖು, ಶುಕ್ರವಾರ. ಅರ್ಧ ದಿನದ ರಜೆ ಹಾಕಿ ಮಧ್ಯಾಹ್ನ ಎರಡಕ್ಕೆ ತಂದೆತಾಯಿಯರನ್ನು ಕೂಡಿಸಿಕೊಂಡು ಹೊರಟೆ. ಸುಮಾರು 420 ಕಿಲೋಮೀಟರಿನ ದಾರಿ. ರಾತ್ರಿ ಹನ್ನೊಂದರೊಳಗೆ ಧಾರವಾಡ ಎಂದು ಲೆಕ್ಕ. ಶಿರವಳ ದಾಟಿ, ಸಾತಾರೆಯ ಈಚೆಗಿನ ಖಂಬಾಟ್ಕಿ ಘಾಟಿನ ಬುಡಕ್ಕೆ ಬಂದಾಗ ಬಿಸಿಲು ಇನ್ನೂ ಉರಿಯುತ್ತಿತ್ತು. ಪುಣೆಗೆ ಬರುವವರಿಗೆ ಆಗ ಅಲ್ಲಿ ಸುರಂಗವಿತ್ತು, ಪುಣೆಯಿಂದ ಹೋಗುವವರು ಬೆಟ್ಟ ಹತ್ತಲೇಬೇಕಾಗಿತ್ತು. ಮುಂದೆ ಲಾರಿಗಳ ಸಾಲು. ಎರಡನೆಯ ಗೇರಿನಲ್ಲಿ ತೆವಳುತ್ತಿದ್ದೆವು.

ಹಿಂದಿನ ಆಸನದಿಂದ ತಂದೆಯವರು, "ಕಾವು ಎಷ್ಟೈತಿ ನೋಡು" ಎಂದರು. ಅವರ ಕಣ್ಣು ಮಂದವಾಗಿತ್ತು, ಮೂಗು ಮಂದವಾಗಿರಲಿಲ್ಲ. ನಾನು ಮುಳ್ಳಿನ ಕಡೆ ನೋಡುವಷ್ಟರಲ್ಲಿ ಅದು ಕೊನೆಯ ಗೆರೆಯನ್ನು ಮುಟ್ಟಿತ್ತು. ಬಾನೆಟ್ಟಿನ ಸಂದಿಯಿಂದ ಬಿಳಿಯ ಆವಿ. ಕಾರನ್ನು ಬದಿಗೆ ತಂದು ನಿಲ್ಲಿಸಿ, ಇಳಿದು, ಗಾಬರಿಯಲ್ಲಿ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದೆ. ಹಿಂದೆ ನಿಂತಿದ್ದ ಲಾರಿಯ ಚಾಲಕ ಓಡಿಬಂದು ನನ್ನ ರಟ್ಟೆ ಹಿಡಿದೆಳೆದ. ಆ ಪುಣ್ಯಾತ್ಮನ ಹೆಸರನ್ನೂ ನಾನು ಕೇಳಲಿಲ್ಲ. ಈಗ ತಿಳಿದಿದೆ: ಆ ಮುಚ್ಚಳ ಬರಿಯ ಮುಚ್ಚಳವಲ್ಲ. ಒಳಗಿನ ನೀರನ್ನು ಒತ್ತಡದಲ್ಲಿ ಹಿಡಿದಿಟ್ಟು ನೂರು ಡಿಗ್ರಿ ದಾಟಿದರೂ ಕುದಿಯದಂತೆ ಕಾಯುವುದು ಅದರ ಕೆಲಸ. ಬಿಸಿಯಲ್ಲಿ ತೆರೆದರೆ ಒತ್ತಡ ಬಿಟ್ಟ ಕ್ಷಣವೇ ಎಲ್ಲವೂ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕಾದ ಎಂಜಿನ್ನಿನ ಮೇಲೆ ತಣ್ಣೀರು ಸುರಿಯುವುದೂ ಕೂಡದು, ಲೋಹ ಬಿರಿದೀತು. ಮಾಡಬೇಕಾದದ್ದು ಒಂದೇ: ಎಂಜಿನ್ನು ನಿಲ್ಲಿಸಿ ತಾನಾಗಿ ತಣಿಯುವವರೆಗೆ ಕಾಯುವುದು.

ತಣಿದ ಮೇಲೆ ನೋಡಿದರೆ ನೀರಿನ ಡಬ್ಬಿ ಬರಿದು. ರೇಡಿಯೇಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರಿನ ಕೊಳವೆ ಕ್ಲಿಪ್ಪಿನ ಹತ್ತಿರ ಸೀಳಿತ್ತು. ಅಂದು ಸೀಳಿದ್ದಲ್ಲ, ತಿಂಗಳುಗಟ್ಟಲೆ ಹನಿ ಹನಿಯಾಗಿ ಸೋರಿದ ಕಲೆಯಿತ್ತು. ಬಾನೆಟ್ಟು ಎತ್ತಿ ಒಂದು ದಿನವಾದರೂ ನೋಡಿದ್ದರೆ ಕಾಣುತ್ತಿತ್ತು. ನೀರು ತುಂಬಿ ಮತ್ತೆ ಹೊರಡಿಸಿದಾಗ ಹಿಂದಿನಿಂದ ದಟ್ಟವಾದ ಬಿಳಿಯ ಹೊಗೆ ಬಂತು. ಎಣ್ಣೆ ಅಳೆಯುವ ಕಡ್ಡಿಯನ್ನು ಹೊರಗೆಳೆದರೆ ಅದಕ್ಕೆ ಹತ್ತಿದ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಎಣ್ಣೆಯೂ ನೀರೂ ಕೂಡಿದ್ದುವು. ತಂದೆಯವರು, "ನಿಲ್ಲಸು, ಇನ್ನ ಅದಕ್ಕ ತ್ರಾಸ ಕೊಡಬ್ಯಾಡ" ಎಂದಷ್ಟೇ ಹೇಳಿದರು.

ಕಾರನ್ನು ಎಳೆದುಕೊಂಡು ಹೋಗುವ ಬಂಡಿ ಬಂದಾಗ ಕತ್ತಲಾಗಿತ್ತು. ಮರಳಿ ಪುಣೆ ಸೇರಿದಾಗ ಹತ್ತು ಗಂಟೆ. ಲಗ್ನದ ದಿನಗಳು, ರಾತ್ರಿಯ ಬಸ್ಸುಗಳಲ್ಲಿ ಒಂದು ಸ್ಥಳವೂ ಇರಲಿಲ್ಲ. ಮರುದಿನ ಬೆಳಗಿನ ಬಸ್ಸು ಹಿಡಿದು, ಧಾರವಾಡ ಮುಟ್ಟಿದಾಗ ಸಾಯಂಕಾಲವಾಗಿತ್ತು.

ಅತ್ತೆಯವರಿಗೆ ಇನ್ನೂ ಮಾತು ಇತ್ತು. ತಮ್ಮನ ಕೈ ಹಿಡಿದು, "ನಿನ್ನೇನ ಬರ್ತಿ ಅಂತ ರಾತ್ರಿಯೆಲ್ಲಾ ಬಾಗಲಾ ತಗದ ಇಡಿಸಿದ್ದೆ, ತಮ್ಮಾ" ಎಂದರು. ದೂರಿ ಹೇಳಿದ್ದಲ್ಲ, ಸಮಾಧಾನದಿಂದಲೇ ಹೇಳಿದರು. ಎಂಟು ದಿನಗಳ ಮೇಲೆ ತೀರಿಕೊಂಡರು. ತಂದೆಯವರು ಅಲ್ಲಿಯೇ ಇದ್ದರು. ಅದೊಂದು ನನ್ನ ಭಾಗ್ಯ. ಆದರೆ ಆ ತೆರೆದ ಬಾಗಿಲ ರಾತ್ರಿಯನ್ನು ನಾನು ಯಾರಿಗೂ ಮರಳಿ ಕೊಡಲಾರೆ. ಅಂಗಡಿಯಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ ರಬ್ಬರಿನ ತುಂಡು ಅದರ ಕಾರಣ.

ಪುಣೆಗೆ ಮರಳಿದ ಮೇಲೆ ಮಿಸ್ತ್ರಿ ಎಂಜಿನ್ನಿನ ತಲೆಯನ್ನು, ಎಂದರೆ ಸಿಲಿಂಡರುಗಳನ್ನು ಮುಚ್ಚುವ ಅಲ್ಯುಮಿನಿಯಮಿನ ಭಾಗವನ್ನು, ಬಿಚ್ಚಿ ಮೇಜಿನ ಮೇಲಿಟ್ಟ. ನೆಟ್ಟಗಿನ ಉಕ್ಕಿನ ಪಟ್ಟಿಯನ್ನು ಅಡ್ಡಲಾಗಿ ಇರಿಸಿ, ಸಂದಿಯಲ್ಲಿ ಕೂದಲೆಳೆಯಂಥ ಉಕ್ಕಿನ ಎಲೆಯನ್ನು ತೂರಿಸಿ ತೋರಿಸಿದ. ಅತಿಯಾಗಿ ಕಾದು ಅದು ಬಾಗಿತ್ತು. ಕಣ್ಣಿಗೆ ಕಾಣದಷ್ಟು ಬಾಗಿದರೂ ಸಾಕು, ನಡುವಿನ ಗ್ಯಾಸ್ಕೆಟ್ಟು ಬಿಗಿ ತಪ್ಪಿ ನೀರೂ ಎಣ್ಣೆಯೂ ಬೆರೆಯುತ್ತವೆ. ತಲೆಯನ್ನು ಯಂತ್ರದಲ್ಲಿ ಹೆರೆಸಿ ಸಮ ಮಾಡಿ, ಹೊಸ ಗ್ಯಾಸ್ಕೆಟ್ಟು, ಹೊಸ ಕೊಳವೆಗಳು, ಹೊಸ ಎಣ್ಣೆ ಹಾಕಿದರೆ ಬದುಕುತ್ತದೆ ಎಂದ. ಮುಂಚೆಯೇ ನಿಲ್ಲಿಸದೆ ಇನ್ನೂ ಒಂದು ಮೈಲಿ ಓಡಿಸಿದ್ದರೆ ಪಿಸ್ಟನ್ನುಗಳೇ ಹಿಡಿದುಕೊಳ್ಳುತ್ತಿದ್ದುವಂತೆ.

ಆತ ಒಳ್ಳೆಯ ಕೆಲಸಗಾರನೇ. ಆದರೂ ಒಂದು ಸಲಹೆ ಕೊಟ್ಟ: "ನಮ್ಮ ಬಿಸಿಲಿನ ನಾಡಿಗೆ ಥರ್ಮೋಸ್ಟಾಟು ಯಾಕೆ? ತೆಗೆದೇ ಬಿಡೋಣ, ಎಂಜಿನ್ನು ತಣ್ಣಗಿರುತ್ತದೆ." ಬಹಳ ಕಡೆ ಹೀಗೆ ಮಾಡುತ್ತಾರೆ. ತಂದೆಯವರು ಒಪ್ಪಲಿಲ್ಲ. ಎಂಜಿನ್ನು ತಣ್ಣಗಿರುವುದೂ ರೋಗವೇ. ಹದವಾಗಿ ಕಾಯುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಚಿಕ್ಕ ಬಾಗಿಲು ಅದು. ಅದಿಲ್ಲದಿದ್ದರೆ ಎಂಜಿನ್ನು ಕಾವೇರಲು ತಡವಾಗಿ ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಒಳಗಿನ ಭಾಗಗಳು ಬೇಗ ಸವೆಯುತ್ತವೆ. ಅವರು ಹಳೆಯ ಥರ್ಮೋಸ್ಟಾಟನ್ನು ಮನೆಗೆ ತಂದು, ತಾಯಿಯವರ ಹಾಲಿನ ಪಾತ್ರೆಯಲ್ಲಿ ನೀರು ಕಾಯಿಸಿ, ದಾರ ಕಟ್ಟಿ ಇಳಿಬಿಟ್ಟು, ಪಕ್ಕದಲ್ಲಿ ಉಷ್ಣಮಾಪಕ ಹಿಡಿಸಿದರು. ಎಂಬತ್ತು ದಾಟಿದ ಮೇಲೆ ಅದು ಮೆಲ್ಲನೆ ಕಣ್ಣು ತೆರೆದಂತೆ ತೆರೆಯಿತು. "ಇದು ನೌಕರೀಗೆ ಯೋಗ್ಯ ಐತಿ" ಎಂದರು. ಪಾತ್ರೆ ಮಾತ್ರ ತಾಯಿಯವರ ಅಡಿಗೆಮನೆಯಿಂದ ಶಾಶ್ವತವಾಗಿ ವಜಾ ಆಯಿತು.

ಅಂದು ರಾತ್ರಿ ನಾನು ವಹಿಯನ್ನು ಕಪಾಟಿನಿಂದ ತೆಗೆದೆ. ಅವರ ಕೈಬರಹದ ಕೊನೆಯ ಪುಟದ ಅಡಿಯಲ್ಲಿ, 2017ರ ತಾರೀಖಿನೊಡನೆ, "ರೇಡಿಯೇಟರಿನ ಕೆಳಗಿನ ಕೊಳವೆ ಗಟ್ಟಿಯಾಗಿದೆ. ಮಳೆಗಾಲದೊಳಗೆ ಬದಲಿಸತಕ್ಕದ್ದು" ಎಂದು ಬರೆದಿತ್ತು. ಎರಡು ವರುಷ ಆ ಟಿಪ್ಪಣಿ ನನ್ನ ಕಪಾಟಿನಲ್ಲಿತ್ತು. ಕಚೇರಿಯಲ್ಲಿ ಇಂಥ ಕಾಗದವನ್ನು ಎರಡು ವರುಷ ನೋಡದೆ ಇಟ್ಟವನಿಗೆ ಏನಾಗುತ್ತದೆಂದು ನಾನು ಬಲ್ಲೆ.

ಮರುದಿನ ತಂದೆಯವರು ವಹಿ ಕೇಳಿ, ಭೂತಗನ್ನಡಿ ಹಿಡಿದು ತಾವೇ ಒಂದು ಸಾಲು ಬರೆದರು: "17-5-2019. ಖಂಬಾಟ್ಕಿ. ನೀರು ಖಾಲಿ. ಎಂಜಿನ್ನಿನ ದೋಷವಿಲ್ಲ. ಕಾರಣ" ಎಂದು ಬರೆದು ಮುಂದೆ ಜಾಗ ಬಿಟ್ಟು ಲೇಖನಿಯನ್ನು ನನ್ನ ಕಡೆ ಚಾಚಿದರು. ನಾನು "ವಹಿ ಓದಲಿಲ್ಲ" ಎಂದು ಬರೆದು ಸಹಿ ಮಾಡಿದೆ. ಈ ವಿಷಯವಾಗಿ ನಮ್ಮಿಬ್ಬರಲ್ಲಿ ಆಮೇಲೆ ಒಂದು ಮಾತೂ ನಡೆದಿಲ್ಲ.

ಆಮೇಲೆ ಪರೀಕ್ಷೆಯ ಇನ್ನೊಂದು ವೇಳೆ ಬಂತು. ಹದಿನೈದು ವರುಷ ದಾಟಿದ ಕಾರಿನ ನೋಂದಣಿಯನ್ನು ಐದು ವರುಷಕ್ಕೊಮ್ಮೆ ಹೊಸದು ಮಾಡಿಸಬೇಕು. 2022ರ ಏಪ್ರಿಲ್ 1ರಿಂದ ಅದರ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಗೆಳೆಯರೆಲ್ಲ ಗುಜರಿಗೆ ಹಾಕು ಎಂದರು. ಅವರ ಮಾತಿನಲ್ಲಿ ಸತ್ಯವುಂಟು. ಹಳೆಯ ಕಾರ್ಬ್ಯುರೇಟರಿನ ಎಂಜಿನ್ನು ಇಂದಿನ ಎಂಜಿನ್ನುಗಳಿಗಿಂತ ಗಾಳಿಯನ್ನು ಹೆಚ್ಚು ಕೆಡಿಸುತ್ತದೆಂಬುದನ್ನು ನಾನು ಅಲ್ಲಗಳೆಯಲಾರೆ. ದಿನವೂ ಐವತ್ತು ಕಿಲೋಮೀಟರು ಓಡಿಸುವವನಾಗಿದ್ದರೆ ನಾನೂ ಬಿಟ್ಟುಬಿಡುತ್ತಿದ್ದೆ. ಕಚೇರಿಗೆ ನಾನು ಹೋಗುವುದು ಬಸ್ಸಿನಲ್ಲಿ. ಕಾರು ಹೊರಡುವುದು ಭಾನುವಾರ, ನಮ್ಮ ಸಂಘದ ಕಾರ್ಯಕ್ರಮಕ್ಕೆ, ಇಲ್ಲವೆ ತಂದೆಯವರನ್ನು ಡಾಕ್ಟರರ ಹತ್ತಿರ ಕರೆದುಕೊಂಡು ಹೋಗುವುದಕ್ಕೆ. ಹೊಗೆಯ ತಪಾಸಣೆಯಲ್ಲಿ ಪಾಸಾಯಿತು, ಶುಲ್ಕ ಕಟ್ಟಿದೆ. ಇಪ್ಪತ್ತು ವರುಷ ದಾಟಿದ ಕಾರಿಗೆ 10,000 ರೂಪಾಯಿ ಎಂದು 2025ರ ಆಗಸ್ಟಿನಲ್ಲಿ ಹೊಸ ನಿಯಮ ಬಂದಿದೆ. ನಮ್ಮ ಕಾರಿನ ಮುಂದಿನ ಸರದಿ 2027. ಆಗಿನ ಮಾತು ಆಗ.

ಬಿಡಿಭಾಗಗಳ ಚಿಂತೆ ಅಷ್ಟಾಗಿಲ್ಲ. ಇದೇ ಎಂಜಿನ್ನು 2019ರವರೆಗೆ ಓಮ್ನಿ ವ್ಯಾನಿನಲ್ಲಿ ಇದ್ದುದರಿಂದ ಸಾಮಾನು ಸಿಗುತ್ತದೆ. ಹೊಸ ಚಿಂತೆಯೆಂದರೆ ಪೆಟ್ರೋಲಿನಲ್ಲಿ ಈಗ ನೂರಕ್ಕೆ ಇಪ್ಪತ್ತು ಭಾಗ ಬೆರೆಯುವ ಎಥನಾಲು. ಹಳೆಯ ರಬ್ಬರಿಗೆ ಅದು ಒಗ್ಗುವುದಿಲ್ಲವಾದ್ದರಿಂದ ಪೆಟ್ರೋಲಿನ ಕೊಳವೆಗಳನ್ನೆಲ್ಲ ಬದಲಿಸಿದ್ದೇನೆ. ಎಥನಾಲಿನಲ್ಲಿ ಕಸುವು ಪೆಟ್ರೋಲಿಗಿಂತ ಕಡಿಮೆ. ವಹಿಯಲ್ಲಿ ಭಾಗಲಬ್ಧ 16ರ ಆಸುಪಾಸಿಗೆ ಇಳಿದಿದೆ. ಕಾರಣ ಬರೆದಿಟ್ಟಿದ್ದೇನೆ.

ಈ ಎಂಜಿನ್ನನ್ನು ನಂಬಬಹುದೇ ಎಂದು ಕೆಲವರು ಕೇಳುತ್ತಾರೆ. ಇಪ್ಪತ್ತೆಂಟು ವರುಷಗಳಲ್ಲಿ ಅದು ದಾರಿಯಲ್ಲಿ ಕೈಬಿಟ್ಟದ್ದು ಒಂದೇ ಸಲ. ಆ ಸಲವೂ ಮೊದಲು ಕೈಬಿಟ್ಟವನು ನಾನು. ಅದು ಕೇಳುವುದು ಬಹಳ ಸ್ವಲ್ಪ: ವಾರಕ್ಕೊಮ್ಮೆ ಬಾನೆಟ್ಟು ಎತ್ತಿ ತಣ್ಣಗಿರುವಾಗ ನೀರು ನೋಡಿ, ಕಡ್ಡಿ ಒರೆಸಿ ಎಣ್ಣೆ ನೋಡಿ, ಕೊಳವೆಗಳನ್ನು ಬೆರಳಿಂದ ಒತ್ತಿ ನೋಡುವ ಐದು ನಿಮಿಷ. ಊರಿನಲ್ಲಿ ಹಿರಿಯರನ್ನು ಬಿಟ್ಟು ದೂರದಲ್ಲಿ ಬಾಳುವ ನಮ್ಮಂಥವರಿಗೆ ಯಾವ ಹೊತ್ತಿಗೆ ಫೋನು ಬಂದೀತೆಂದು ಹೇಳಲಾಗದು. ಆ ಹೊತ್ತಿಗೆ ಬಂಡಿ ಸಿದ್ಧವಾಗಿರಬೇಕಾದರೆ ಆ ಐದು ನಿಮಿಷ ಮೊದಲೇ ಸಂದಿರಬೇಕು.

ಈಗ ಭಾನುವಾರದ ಬೆಳಿಗ್ಗೆ ನನ್ನ ಮಗಳು ನನ್ನ ಜೊತೆಗೆ ಬಾನೆಟ್ಟಿನ ಮುಂದೆ ನಿಲ್ಲುತ್ತಾಳೆ. ಅವಳ ಶಾಲೆಯಲ್ಲಿ ಕನ್ನಡವಿಲ್ಲ. ಕನ್ನಡ ಅಂಕಿಗಳನ್ನು ಅವಳು ಕಲಿತದ್ದು ಅಜ್ಜನ ವಹಿಯಿಂದ. ಕಳೆದ ತಿಂಗಳು ನಾನು ಎಣ್ಣೆಯ ಕೈ ಒರೆಸಿಕೊಳ್ಳುತ್ತಿದ್ದಾಗ ಅವಳೇ ವಹಿ ತೆಗೆದುಕೊಂಡು ಒಂದು ಸಾಲು ಬರೆದು, ಅಜ್ಜನಿಗೆ ಓದಿ ಹೇಳಲು ಓಡಿದಳು. "ನೀರು ಸರಿ ಇದೆ" ಎಂದಿತ್ತು. "ನೀರು" ಎಂಬಲ್ಲಿ ದೀರ್ಘ ಬಿಟ್ಟುಹೋಗಿತ್ತು. ಅಜ್ಜ ತಿದ್ದಿ, ಕೆಳಗೆ ಸಹಿ ಹಾಕಿ ಕಳಿಸಿದರು.